ಹೊರಗಿನ ಸೋಂಕು ಎಂದು ಬರೆದಿದ್ದೆ

ರಾಮನಗರ

ಉಜ್ಬೇಕಿಸ್ತಾನಕ್ಕೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಊಟಕ್ಕೆ ಏನು ಮಾಡಿದಿರಿ, ಚಳಿ ಇತ್ತಾ. ಊಟಕ್ಕೆ ರೊಟ್ಟಿ, ಮೊಸರು, ಹಣ್ಣು ಬೇಕಾದಷ್ಟಿತ್ತು. ಮೇ ತಿಂಗಳಾದ್ದರಿಂದ ಚಳಿ ಇರಲಿಲ್ಲ. ಅಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಿಬಿಡಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ರೇಷ್ಮೆ ಪ್ರದರ್ಶಕಿಯಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು ನಾನು. ಊರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ. ಹುಳ ಸಾಕುವ ಮನೆಗಳಿಗೆ ಹೋಗಿ ಸೊಪ್ಪು ಹೇಗೆ ಹಾಕಬೇಕು, ಸುಣ್ಣ ಎಲ್ಲಿ ಎರಚಬೇಕು ಎಂದು ತೋರಿಸುವುದು, ಬೆಳೆ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಆ ಬರೆದುಕೊಡುವ ಕೆಲಸದಲ್ಲಿ ನನಗೊಂದು ಅಭ್ಯಾಸವಿತ್ತು. ಅದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಬೆಳೆ ಕೆಟ್ಟ ಮನೆಗೆ ಕಾಲಿಟ್ಟರೆ ನನಗೆ ಮೊದಲು ಕಾಣುತ್ತಿದ್ದದ್ದು ಹುಳವಲ್ಲ, ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತ ಸೊಸೆ. "ಇವ್ಳು ಮುಟ್ಟಾಗಿದ್ದಾಗ ಹುಳುದ್ ಮನೇಗ್ ಹೋಗ್ಬುಟ್ಟವ್ಳೆ ಕಣವ್ವ, ಅದ್ಕೇ ಹಿಂಗಾಗಿರೋದು" ಎಂದು ಅತ್ತೆ ಕಿವಿಯಲ್ಲಿ ಹೇಳುತ್ತಿದ್ದಳು. ಹೇಳುವುದು ಕಿವಿಯಲ್ಲಾದರೂ ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. ತಟ್ಟೆ ತೊಳೆಯದೆ ಬಿಟ್ಟದ್ದರಿಂದ ಬಂದ ರೋಗ ಎಂದು ನಿಜ ಬರೆದರೂ, ತೊಳೆಯಬೇಕಾಗಿದ್ದವಳು ಯಾರು ಎಂಬ ಪ್ರಶ್ನೆ ಎದ್ದು ಅದೂ ಸೊಸೆಯ ತಲೆಗೇ ಬರುತ್ತಿತ್ತು. ಹಾಗಾಗಿ ಕಾರಣದ ಕಾಲಮ್ಮಿನಲ್ಲಿ ನಾನು 'ಹೊರಗಿನ ಸೋಂಕು' ಎಂದು ಬರೆಯತೊಡಗಿದೆ. ಹೊರಗಿನದು ಅಂದರೆ ಮನೆಯವರ ತಪ್ಪಲ್ಲ, ಮರಿ ಹುಳ ಕೊಟ್ಟ ಚಾಕಿ ಕೇಂದ್ರದವನದ್ದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟೋ ಸೊಸೆಯರು ಆ ಎರಡು ಪದಗಳ ನೆರಳಲ್ಲಿ ಬಚಾವಾದರು ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನಿವೃತ್ತಿಯ ನಂತರ, ರೇಷ್ಮೆ ಬೆಳೆಯುವ ದೇಶಗಳ ಜನರನ್ನು ಪರಸ್ಪರ ಕಳಿಸಿಕೊಡುವ ಒಂದು ಸಂಸ್ಥೆಯವರು ನನ್ನನ್ನೂ ಮಾಗಡಿ ತಾಲ್ಲೂಕಿನ ಗಂಗಣ್ಣನವರನ್ನೂ ಆರಿಸಿದರು. ಗಂಗಣ್ಣ ಕೆಂಪಾಪುರದ ಹತ್ತಿರ ಜಮೀನು ಇರುವ ರೈತರು. ಹುಳವನ್ನು ಒಂದು ಸಲ ನೋಡಿ ಅದರ ಜಾತಕ ಹೇಳುವವರು, ಮನಸ್ಸಿಗೆ ಬಂದ ಮಾತನ್ನು ನುಂಗಿಕೊಳ್ಳಲು ಮಾತ್ರ ಬಾರದವರು. ಪ್ರಯಾಣದ ಕಾಗದಗಳನ್ನು ತುಂಬಲು ನಾವಿಬ್ಬರೂ ರಾಮನಗರದ ಒಂದು ಸೈಬರ್ ಅಂಗಡಿಯಲ್ಲಿ ಕೂತಿದ್ದೆವು. ಒಂದು ಕಡೆ, ಯಾವುದಾದರೂ ವಿರೋಧಿ ಶಕ್ತಿಗಳ ಜೊತೆ ಸಂಪರ್ಕ ಇದೆಯೇ ಎಂಬ ಪ್ರಶ್ನೆ ಬಂತು.

"ವಿರೋಧಿ ಅಂದ್ರೆ ಯಾರು ಮೇಡಮ್ಮೋರೆ? ಡೈರಿ ಎಲೆಕ್ಷನ್ನಲ್ಲಿ ನನ್ ಎದ್ರು ನಿಂತಿದ್ನಲ್ಲ, ಅವ್ನಾ? ಅವ್ನ್ ಜೊತೆ ಮಾತುಕತೆ ಐತೆ. ಮೊನ್ನೆ ಅವ್ನ್ ಮಗಳ್ ಮದ್ವೇಲಿ ಉಂಡ್ ಬಂದೀನಿ."

"ಇಲ್ಲ ಅಂತ ಹಾಕಿ ಗಂಗಣ್ಣ, ಸುಮ್ನೆ."

"ಯಾರು ಅಂತ್ಲೇ ಗೊತ್ತಿಲ್ದೆ ಇಲ್ಲ ಅಂತ ಹೆಂಗ್ ಹಾಕಾದು?" ಎಂದು ಗೊಣಗಿಕೊಂಡೇ ಅವರು ಇಲ್ಲ ಎಂದು ಹಾಕಿದರು. ಅಂಗಡಿಯವನು ನಕ್ಕ. ನಾನೂ ನಕ್ಕೆ.

ತಾಷ್ಕೆಂಟ್

ವಿಮಾನ ನಿಲ್ದಾಣದಲ್ಲಿ ಗಂಗಣ್ಣನವರ ಹುರಿಹಿಟ್ಟು ಸಿಕ್ಕಿಬಿತ್ತು. ಪೊಟ್ಟಣ ಬಿಚ್ಚಿದ ಅಧಿಕಾರಿ ಬೆರಳಲ್ಲಿ ಪುಡಿಯನ್ನು ಮುಟ್ಟಿ ನೋಡಿ, ಇದೇನು ಎಂದು ಹುಬ್ಬಿನಲ್ಲೇ ಕೇಳಿದ. ಗಂಗಣ್ಣ ಮಾತಿಗೆ ಹೋಗಲಿಲ್ಲ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಹಿಡಿಯನ್ನು ಅವನಿಗೆ ಚಾಚಿದರು. ಅವನು ಬೇಡವೆಂದು ಕೈಮುಗಿದು ನಮ್ಮನ್ನು ಬಿಟ್ಟ.

ಮರುದಿನ ವಸತಿಗೃಹದ ತಿಂಡಿಯ ಮೇಜಿನಲ್ಲಿ ನಮ್ಮ ಎದುರಿಗೆ ಚೀನಾದ ರೈತನೊಬ್ಬ ಕೂತಿದ್ದ. ಅವನೂ ನಮ್ಮಂತೆಯೇ ಹುಳ ಸಾಕುವವನು, ನಮ್ಮಂತೆಯೇ ಕರೆಸಿಕೊಂಡು ಬಂದವನು. ಇಲ್ಲೊಂದು ಮಾತು ಹೇಳಬೇಕು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಿದ್ದ ದಿನ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ, "ಚೀನಾದೋರು ಕೆಡುಸ್ಬುಟ್ರು". ಮಳೆ ಬಂದು ಗೂಡು ಒದ್ದೆಯಾದರೂ ಅದೇ, ನೂಲು ಬಿಚ್ಚುವವರು ಖರೀದಿಗೆ ಬಾರದಿದ್ದರೂ ಅದೇ. ಗಂಗಣ್ಣ ಹರೆಯದಿಂದ ಬೈದುಕೊಂಡು ಬಂದ ಚೀನಾ ಈಗ ಎದುರಿಗೆ ಕೂತು ಮೊಟ್ಟೆ ಸುಲಿಯುತ್ತಿತ್ತು.

ಅವನು ತನ್ನ ಫೋನಿನಲ್ಲಿ ಹುಳದ ಮನೆಯ ಚಿತ್ರ ತೋರಿಸಿದ. ಗಂಗಣ್ಣ ತಮ್ಮ ಫೋನಿನದನ್ನು ತೋರಿಸಿದರು. ಅವನ ಹೆಬ್ಬೆರಳಿನ ಉಗುರಿನ ಸುತ್ತ ಸೊಪ್ಪು ಕಿತ್ತ ಕಪ್ಪು ಕಲೆ ಇತ್ತು. ಗಂಗಣ್ಣನವರ ಹೆಬ್ಬೆರಳಲ್ಲೂ ಇತ್ತು. ಅವನು ಏನೋ ಹೇಳಿ ಕೈಯನ್ನು ಕೆಳಕ್ಕೆ ಇಳಿಸಿ ತೋರಿಸಿದ. ಅವನ ಊರಲ್ಲೂ ರೇಟು ಬಿದ್ದಿತ್ತು.

"ಮೇಡಮ್ಮೋರೆ, ಇವ್ನೇನಾ ನಮ್ ರೇಟ್ ಕೆಡ್ಸಿದ್ದು?"

"ಇವನಲ್ಲ."

"ಮತ್ಯಾರು?"

ಅವರವರ ಸರ್ಕಾರ, ಅವರವರ ಸುಂಕ, ದೊಡ್ಡ ವ್ಯಾಪಾರಿಗಳು ಎಂದು ಏನೋ ಹೇಳಿದೆ. ಗಂಗಣ್ಣ ಕೇಳಿಸಿಕೊಳ್ಳಲಿಲ್ಲ. ಚೀನಾದವನ ತಟ್ಟೆಗೆ ಒಂದು ಚಮಚ ಹುರಿಹಿಟ್ಟು ಹಾಕುತ್ತಿದ್ದರು.

ಕಣಿವೆಯ ಊರು, ಸೋಮವಾರ

ಅಲ್ಲಿಂದ ನಮ್ಮನ್ನು ಫರ್ಗಾನಾ ಕಣಿವೆಯ ಒಂದು ಊರಿಗೆ ಕರೆದುಕೊಂಡು ಹೋದರು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಯವರಿಗೆ ಮುಜುಗರವಾಗಬಾರದು. ಊರಾಚೆ ಒಂದು ಕಾಲುವೆ, ಕಾಲುವೆಗೆ ಸಣ್ಣ ಸೇತುವೆ, ಸೇತುವೆಯ ತಲೆಗೆ ಗೇಟು. ಗೇಟಿನ ಆಚೆಗೆ ಕಿರ್ಗಿಜ್‌ಸ್ತಾನ. ಎರಡೂ ಕಡೆ ಒಂದೇ ತರಹದ ಮಣ್ಣಿನ ಗೋಡೆ, ಒಂದೇ ತರಹದ ಹಿಪ್ಪುನೇರಳೆ ಮರ, ಒಂದೇ ಭಾಷೆ. ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋಗುವಷ್ಟೂ ದೂರವಿಲ್ಲ, ಆದರೆ ಪಾಸ್‌ಪೋರ್ಟ್ ಬೇಕು. ಕೆಲವು ವರ್ಷ ಆ ಗೇಟು ಮುಚ್ಚಿಯೇ ಇತ್ತಂತೆ. ಈಗ ಹಗಲು ಹೊತ್ತು ಊರಿನವರಿಗೆ ತೆರೆಯುತ್ತದೆ.

ಮನೆಯಲ್ಲಿ ಮೂವರಿದ್ದರು. ಯಜಮಾನ ತುರ್ಸುನ್ ಅಜ್ಜ, ಹೆಂಡತಿ ಮುಹಬ್ಬತ್ ಅಜ್ಜಿ, ಸೊಸೆ ಜುಲ್ಫಿಯಾ. ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ನಮ್ಮ ಜೊತೆ ದುಭಾಷಿಯಾಗಿ ದಿಲ್ನೋಜಾ ಎಂಬ ಹುಡುಗಿ ಬಂದಿದ್ದಳು. ಅವಳು ತಾಷ್ಕೆಂಟಿನಲ್ಲಿ ಹಿಂದಿ ಓದಿದವಳು. ನನ್ನದು ರಾಮನಗರದ ಮಾರುಕಟ್ಟೆಯಲ್ಲಿ ಕಲಿತ ಉರ್ದು. ಅವಳ ಶುದ್ಧ ಹಿಂದಿ ಕೇಳಿ ನನಗೆ ನಾಚಿಕೆ, ನನ್ನ ಉರ್ದು ಕೇಳಿ ಅವಳಿಗೆ ನಗು. ಆ ಮನೆಯವರ ಮಾತನ್ನು ಅವಳ ಮೂಲಕವೇ ಕೇಳಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಂಜೆಯೇ ಎಡವಿದೆ. ಅಜ್ಜಿ ನನಗೆ ಬಟ್ಟಲಲ್ಲಿ ಅರ್ಧದಷ್ಟೇ ಚಹಾ ಕೊಟ್ಟರು. ಇಷ್ಟು ದೊಡ್ಡ ಮನೆ, ಇಷ್ಟೇ ಚಹಾನಾ ಅಂದುಕೊಂಡೆ. ಆಮೇಲೆ ಕೆಟಲ್ ನನ್ನ ಕೈಗೆ ಬಂದಾಗ, ನಮ್ಮ ಕಡೆಯ ಧಾರಾಳ ತೋರಿಸೋಣವೆಂದು ಅಜ್ಜಿಯ ಬಟ್ಟಲನ್ನು ಅಂಚಿನ ತನಕ ತುಂಬಿದೆ. ಜುಲ್ಫಿಯಾ ಬಾಯಿಗೆ ತಲೆವಸ್ತ್ರದ ಅಂಚು ಮುಚ್ಚಿಕೊಂಡಳು. ಅಲ್ಲಿ ಅರ್ಧ ಬಟ್ಟಲು ಕೊಟ್ಟರೆ ಮತ್ತೆ ಮತ್ತೆ ತುಂಬುತ್ತೇನೆ, ಕೂತಿರು ಎಂದರ್ಥ. ಪೂರ್ತಿ ತುಂಬಿದರೆ ಕುಡಿದು ಹೊರಡು ಎಂದರ್ಥವಂತೆ. ಅವರ ಮನೆಯಲ್ಲೇ ಕೂತು ಅವರನ್ನೇ ಹೊರಡಿ ಎಂದಿದ್ದೆ. ಅಜ್ಜಿ ನಕ್ಕು ಪೂರ್ತಿ ಬಟ್ಟಲು ಕುಡಿದು, ಸುಮ್ಮನೆ ಎದ್ದುಹೋಗುವಂತೆ ನಟಿಸಿ, ಬಾಗಿಲಿನಿಂದ ವಾಪಸು ಬಂದು ಕೂತರು. ಆ ಕ್ಷಣಕ್ಕೇ ನನಗೆ ಅಜ್ಜಿ ಇಷ್ಟವಾಗಿಬಿಟ್ಟರು.

ಹುಳಕ್ಕೆ ಅವರು ಮನೆಯ ಒಳ್ಳೆಯ ಕೋಣೆಯನ್ನೇ ಬಿಟ್ಟುಕೊಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ವರ್ಷಕ್ಕೆ ಒಂದೇ ಬೆಳೆ. ನಮ್ಮ ಐದಾರು ಬೆಳೆಯ ಲೆಕ್ಕ ಕೇಳಿ ಅಜ್ಜಿ, ಹಾಗಾದರೆ ನೀವು ಮಲಗುವುದು ಯಾವಾಗ ಎಂದು ಕೇಳಿದರು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಹೊಟ್ಟೆಬಾಕನಂತೆ ಸೊಪ್ಪು ತಿನ್ನುವ ಹೊತ್ತು. ಆ ಮನೆಯ ಮರಗಳ ಸೊಪ್ಪು ಸಾಲದೆ, ಜುಲ್ಫಿಯಾಳ ಅಣ್ಣ ಕಾಲುವೆಯ ಆಚೆಯ ತನ್ನ ಊರಿನಿಂದ ದಿನವೂ ಒಂದು ಹೊರೆ ಸೊಪ್ಪು ಗೇಟಿನ ತನಕ ತಂದುಕೊಡುತ್ತಿದ್ದ. ಗೇಟಿನವರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಜುಲ್ಫಿಯಾಳ ತವರು ಆ ಕಡೆ. ಅವಳ ತಾಯಿಗೆ ಪಾರ್ಶ್ವವಾಯು ಹೊಡೆದು ಮಲಗಿದಲ್ಲೇ ಇದ್ದರು. ಪ್ರತಿ ಶುಕ್ರವಾರ ಇವಳು ಗೇಟು ದಾಟಿ ಹೋಗಿ, ತಾಯಿಗೆ ತಲೆಗೆ ಎರೆದು, ಜಡೆ ಹಾಕಿ ಬರುತ್ತಿದ್ದಳು. ಅಣ್ಣ ಸ್ನಾನ ಮಾಡಿಸಲು ಹೋದರೆ ತಾಯಿ ನಾಚಿ ಅಳುತ್ತಾರಂತೆ.

ಮಂಗಳವಾರ

ಬೆಳಗ್ಗೆ ಹುಳದ ಕೋಣೆಗೆ ಹೋದಾಗಲೇ ನನಗೆ ತಿಳಿಯಿತು. ಕೆಳಗಿನ ಎರಡು ಅಟ್ಟಣೆಗಳಲ್ಲಿ ಹುಳ ಸೊಪ್ಪು ಬಿಟ್ಟು ಅಂಚಿನಲ್ಲಿ ಸುಮ್ಮನೆ ಹರಿದಾಡುತ್ತಿತ್ತು. ಉಂಗುರಗಳು ಊದಿ ಮೈ ಹೊಳೆಯುತ್ತಿತ್ತು. ಗಂಗಣ್ಣ ಒಂದು ಹುಳದ ಕಾಲನ್ನು ಚಿವುಟಿದರು. ಹಾಲಿನಂಥ ಬಿಳಿ ನೀರು ಬಂತು.

"ಹಾಲ್ ರೋಗ ಕಣ್ರವ್ವಾ" ಎಂದರು. ನಮ್ಮಲ್ಲಿ ಅದಕ್ಕೆ ಇರುವ ಹೆಸರೇ ಅದು.

ಎಲ್ಲಿಂದ ಬಂತು ಎಂಬುದೂ ಕಣ್ಣೆದುರಿಗೇ ಇತ್ತು. ಮೇಲಿನ ಅಟ್ಟಣೆಗಳಿಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿದ್ದರು, ಅಲ್ಲಿನ ಹುಳ ಚೆನ್ನಾಗಿತ್ತು. ಕೆಳಗಿನ ಎರಡಕ್ಕೆ ಮಾತ್ರ ಹಳೆಯ ಜೊಂಡಿನ ಚಾಪೆ. ಅದು ಅಜ್ಜಿಯ ಅತ್ತೆ ಹೆಣೆದ ಚಾಪೆ, ಅದಿದ್ದರೆ ಮನೆಗೆ ಬರಕತ್ತು ಎಂದು ಹಿಂದಿನ ದಿನವಷ್ಟೇ ಅಜ್ಜಿ ಹೆಮ್ಮೆಯಿಂದ ತೋರಿಸಿದ್ದರು. ಅದರ ಮೇಲೆ ಹೋದ ವರ್ಷದ ಕಲೆಗಳು ಒಣಗಿ ಹಾಗೇ ಇದ್ದವು. ತೊಳೆದಿರಲಿಲ್ಲ. ತೊಳೆದರೆ ಬರಕತ್ತು ಹೋಗುತ್ತದೆ ಎಂದಿರಬೇಕು. ಆಚೆ ಕಡೆಯ ಸೊಪ್ಪನ್ನು ಮೇಲಿನ, ಕೆಳಗಿನ ಹುಳಗಳೆರಡೂ ತಿಂದಿದ್ದವು. ಸೊಪ್ಪಿನದೇ ದೋಷವಾಗಿದ್ದರೆ ಮೇಲಿನವೂ ಸಾಯಬೇಕಿತ್ತು.

ಅಷ್ಟರಲ್ಲಿ ಸುದ್ದಿ ಹೋಗಿ ಊರಿನ ಸಮಿತಿಯ ಹಿರಿಯರೊಬ್ಬರು ಬಂದರು. ಕೋಟು, ಕಸೂತಿ ಟೋಪಿ, ಕೈಯಲ್ಲಿ ಒಂದು ಕಾಗದ. ಪರದೇಶದ ತಜ್ಞೆ ಮನೆಯಲ್ಲೇ ಇರುವಾಗ ಅವರ ಅಭಿಪ್ರಾಯ ಬರೆಸಿಕೊಂಡರೆ ಒಳ್ಳೆಯದಲ್ಲವೇ ಎಂದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಸಂಜೆ ಬಾಗಿಲ ತನಕ ಹೋಗಿ ನನ್ನನ್ನು ನಗಿಸಿದ ಮುಖ ಬಿಳಿಚಿಕೊಂಡಿತ್ತು. ಎಷ್ಟೋ ವರ್ಷ ಊರಿಗೆಲ್ಲ ಒಳ್ಳೆಯ ಗೂಡು ಬೆಳೆದು ತೋರಿಸಿದ ಹೆಂಗಸು ಆಕೆ. ಅವರ ಮನೆಯ ಉಪ್ಪು ತಿಂದು, ನಿಮ್ಮ ಚಾಪೆ ಕೊಳಕು ಎಂದು ಸಮಿತಿಯ ಮುಂದೆ ಹೇಗೆ ಬರೆಯಲಿ?

ಬರೆದೆ, ಅಭ್ಯಾಸದ ಕೈ: ಕಾರಣ, ಹೊರಗಿನ ಸೋಂಕು.

ದಿಲ್ನೋಜಾ ಅದನ್ನು ಅವರ ಭಾಷೆಗೆ ಸರಿಯಾಗಿಯೇ ಬರೆದುಕೊಟ್ಟಳು. ಹಿರಿಯರು ಓದಿ, ಹೊರಗಿನದು ಅಂದರೆ ಎಲ್ಲಿಯದು ಎಂದು ಕೇಳಿದರು. ಅಲ್ಲಾದರೂ ನಾನು ನಿಲ್ಲಿಸಬಹುದಿತ್ತು. ಗಾಳಿ, ನೀರು, ಜನರ ಓಡಾಟ, ಇಂಥದ್ದೇ ಎಂದು ಹೇಳಲಾಗುವುದಿಲ್ಲ ಎಂದು ಕೈಯಾಡಿಸಿಬಿಟ್ಟೆ. ಅವರು ತಲೆಯಾಡಿಸಿ ಕಾಗದ ಮಡಚಿಕೊಂಡು ಹೋದರು. ಅಜ್ಜಿ ನನ್ನ ಕೈ ಹಿಡಿದು ಒತ್ತಿದರು.

ಗಂಗಣ್ಣ ಮಾತ್ರ ಅಂಗಳದಲ್ಲಿ ನನ್ನನ್ನು ತಡೆದರು. "ಏನ್ ಮೇಡಮ್ಮೋರೆ, ಹಾಲ್ ರೋಗ ಅಂತ ಕಣ್ಣಿಗ್ ಕಾಣ್ತಾ ಐತೆ. ಯಾಕಂಗ್ ಬರುದ್ರಿ?"

"ಊರಲ್ಲಿ ಬರೀತಿರ್ಲಿಲ್ವಾ? ಅಂಗೇ. ಯಾರಿಗೂ ನೋವಾಗ್ಬಾರ್ದು ಅಂತ."

"ಊರಲ್ ಬರುದ್ರೆ ಊರಲ್ಲೇ ಇರ್ತದೆ. ಇಲ್ಲಿ ಹೊರುಗ್ಡೆ ಅನ್ನಾದು ಒಸಿ ಹತ್ರದಲ್ಲೇ ಐತೆ ಕಣ್ರೀ" ಎಂದು ಕಾಲುವೆಯ ಕಡೆ ನೋಡಿದರು. ನಿಮಗೆ ಎಲ್ಲದರಲ್ಲೂ ಅನುಮಾನ ಎಂದು ಅವರನ್ನು ಗದರಿದೆ.

ಬುಧವಾರ

ಬೆಳಗ್ಗೆ ಸೊಪ್ಪು ಬರಲಿಲ್ಲ. ಜುಲ್ಫಿಯಾ ಗೇಟಿಗೆ ಓಡಿದಳು, ಅವಳ ಹಿಂದೆ ನಾವು. ಸೇತುವೆಯ ಆಚೆ ತುದಿಯಲ್ಲಿ ಅವಳ ಅಣ್ಣ ಹೊರೆ ಇಳಿಸಿಕೊಂಡು ನಿಂತಿದ್ದ. ಗೇಟಿನ ಗೂಡಂಗಡಿಯಷ್ಟು ಸಣ್ಣ ಕೋಣೆಯ ಗೋಡೆಗೆ ಹೊಸದಾಗಿ ಒಂದು ಕಾಗದ ಅಂಟಿಸಿದ್ದರು. ದಿಲ್ನೋಜಾ ಓದಿದಳು. ಹೊರಗಿನಿಂದ ಹಾನಿಕಾರಕ ಸೋಂಕು ಬರುತ್ತಿರುವುದು ತಜ್ಞರಿಂದ ಖಚಿತವಾಗಿರುವುದರಿಂದ, ಆ ಕಡೆಯಿಂದ ಸೊಪ್ಪು ತರುವವರನ್ನೂ, ಅವರೊಡನೆ ಸಂಪರ್ಕದಲ್ಲಿರುವವರನ್ನೂ ಮುಂದಿನ ಆದೇಶದ ತನಕ ಗೇಟು ದಾಟಲು ಬಿಡಬಾರದು.

ತಜ್ಞರು ಅಂದರೆ ನಾನು. ಖಚಿತವಾಗಿರುವುದು ಅಂದರೆ ನಾನು ಕೈಯಾಡಿಸಿದ್ದು. ಸೊಪ್ಪಿನಿಂದ ಶುರುವಾದದ್ದು ಸೊಪ್ಪು ತರುವವರಿಗೆ ಬಂತು, ಅವರಿಂದ ಅವರನ್ನು ಬಲ್ಲವರಿಗೆ ಬಂತು. ಒಂದೇ ರಾತ್ರಿಯಲ್ಲಿ ಕಾಗದ ಅಷ್ಟು ದೂರ ನಡೆದಿತ್ತು. ಜುಲ್ಫಿಯಾ ಸಂಪರ್ಕದಲ್ಲಿರುವವಳು. ಶುಕ್ರವಾರ ಅವಳೂ ದಾಟುವಂತಿರಲಿಲ್ಲ.

"ಮುಂದಿನ ಆದೇಶ ಯಾವಾಗ?" ಎಂದು ದಿಲ್ನೋಜಾ ಕೇಳಿದಳು.

ಗೇಟಿನಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು, ಒರಟನೇನಲ್ಲ. "ಅಪಾಯ ಮುಗಿದ ಮೇಲೆ" ಎಂದ.

"ಅಪಾಯ ಯಾರಿಂದ?"

"ಹೊರಗಿನವರಿಂದ. ಅಲ್ಲಿ ಬರೆದಿದೆಯಲ್ಲ."

ಅಣ್ಣ ಕೂಗಿ ಏನೋ ಕೇಳಿದ. ಅಮ್ಮನಿಗೆ ಏನು ಹೇಳಲಿ ಎಂದು ಕೇಳಿದನಂತೆ. ಜುಲ್ಫಿಯಾ ಮನೆಯ ಕಡೆ ತಿರುಗಿದಳು. ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಹುಳದ ಕೋಣೆಯ ಬಾಗಿಲಲ್ಲಿ ಅಜ್ಜಿ ಅಡ್ಡ ನಿಂತು, ನೀನು ಸದ್ಯಕ್ಕೆ ಒಳಗೆ ಬರಬೇಡ ಮಗಳೇ ಎಂದರು. ಮಗಳೇ ಎಂದೇ ಹೇಳಿದರು, ಮೆತ್ತಗೆ ಹೇಳಿದರು. ಜುಲ್ಫಿಯಾ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಳು. ಮೂವತ್ತೊಂದು ವರ್ಷ ಯಾರನ್ನು ಆ ಜಾಗದಿಂದ ತಪ್ಪಿಸಲು ನಾನು ಸುಳ್ಳು ಬರೆದೆನೋ, ಅವಳನ್ನೇ ತಂದು ಅಲ್ಲಿ ನಿಲ್ಲಿಸಿದ್ದೆ. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು.

ಬುಧವಾರ ಸಂಜೆ

ಚಹಾದ ಹೊತ್ತಿಗೆ ಗಂಗಣ್ಣ ನನ್ನ ಕಡೆ ನೋಡದೆ ರೊಟ್ಟಿ ಮುರಿಯುತ್ತಿದ್ದರು. ಆ ತನಕ ಹೆಚ್ಚು ಮಾತಾಡದಿದ್ದ ತುರ್ಸುನ್ ಅಜ್ಜ ಇದ್ದಕ್ಕಿದ್ದಂತೆ, ನಿಮ್ಮ ಕಡೆ ಶತ್ರುವಿಗೆ ಏನನ್ನುತ್ತೀರಿ ಎಂದು ಕೇಳಿದರು. ಶತ್ರು ಅನ್ನುತ್ತೇವೆ, ನಮ್ಮ ರಾಮನಗರದ ಸಾಬರು ದುಷ್ಮನ್ ಅನ್ನುತ್ತಾರೆ ಎಂದೆ. ನಮ್ಮಲ್ಲೂ ದುಷ್ಮನ್ ಎಂದು ಅವರು ಹೇಳತೊಡಗಿದರು.

"ನಾನು ಸೋವಿಯತ್ ಸೈನ್ಯದಲ್ಲಿದ್ದೆ. ಮೀಸೆ ಸರಿಯಾಗಿ ಬಂದಿರಲಿಲ್ಲ, ಅಫ್ಘಾನಿಸ್ತಾನಕ್ಕೆ ಕಳಿಸಿದರು. ಅಲ್ಲಿ ಯಾರ ಜೊತೆ ಯುದ್ಧ ಎಂದು ಕೇಳಿದರೆ ದುಷ್ಮನ್ ಎಂದರು. ಬಂದೂಕು ಹಿಡಿದವನೂ ದುಷ್ಮನ್, ಅವನಿಗೆ ರೊಟ್ಟಿ ಕೊಟ್ಟವನೂ ದುಷ್ಮನ್, ಗುಡ್ಡದ ಮೇಲೆ ಕುರಿ ಕಾಯುವವನೂ ದುಷ್ಮನ್. ಒಬ್ಬೊಬ್ಬರ ಸಿಟ್ಟು ಒಂದೊಂದು ಕಾರಣಕ್ಕೆ ಇತ್ತು. ನಮಗೆ ಎಲ್ಲ ಒಂದೇ ಹೆಸರು. ಒಂದು ಊರಲ್ಲಿ ಹಿಡಿದವನ ಕೈಯನ್ನು ನಾನೇ ಕಟ್ಟಿದೆ. ಅವನು ನನ್ನ ಮುಖ ನೋಡಿ 'ಸುವ್' ಎಂದ. ನೀರು ಕೇಳಿದ್ದು. ನನ್ನ ಅವ್ವ ನೀರಿಗೆ ಹೇಳುವ ಮಾತು ಅದು. ಅಲ್ಲಿಯೂ ಉಜ್ಬೇಕರು ಇದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ."

ದಿಲ್ನೋಜಾ ಇದನ್ನು ಹಿಂದಿಗೆ ತರುವಾಗ ಎರಡು ಸಲ ನಿಲ್ಲಿಸಿದಳು. ನಾನು ಗಂಗಣ್ಣನವರಿಗೆ ಕನ್ನಡದಲ್ಲಿ ಹೇಳಿದೆ.

"ನೀರ್ ಕೊಟ್ರಾ ಕೇಳಿ" ಎಂದರು ಗಂಗಣ್ಣ.

"ಕೊಟ್ಟೆ" ಎಂದರು ಅಜ್ಜ. "ಸಂಜೆ ಬರೆಯುವ ಕಾಗದದಲ್ಲಿ ಹೆಸರಿಗೆ ಜಾಗ ಇರಲಿಲ್ಲ. ದುಷ್ಮನ್ ಎಷ್ಟು ಎಂದು ಮಾತ್ರ ಕೇಳಿತ್ತು. ಒಂದು ಎಂದು ಬರೆದರು. ಅವನು ಆಮೇಲೆ ಏನಾದ ಎಂದು ಗೊತ್ತಿಲ್ಲ. ಹೆಸರು ಗೊತ್ತಿದ್ದರೆ ಯಾರನ್ನಾದರೂ ಕೇಳಬಹುದಿತ್ತು."

ಜಗಲಿಯಲ್ಲಿ ಮಲಗಿದ ಮೇಲೂ ಅದೇ ತಲೆಯಲ್ಲಿತ್ತು. ನಾನು ಹೆಚ್ಚು ಓದಿದವಳಲ್ಲ, ದೇಶದೇಶಗಳ ವ್ಯವಹಾರ ನನಗೆ ಟಿವಿಯಲ್ಲಿ ಕಂಡಷ್ಟೇ. ಆದರೆ ಅಲ್ಲಿ ಕೇಳುವ ಮಾತುಗಳು ನನಗೆ ಚೆನ್ನಾಗಿ ಪರಿಚಯ: ವಿದೇಶಿ ಕೈವಾಡ, ದುಷ್ಟ ಶಕ್ತಿಗಳು, ಶತ್ರು ಶಕ್ತಿಗಳು. ಯಾವ ದೇಶದ ಚಾನೆಲ್ ಹಾಕಿದರೂ ಇದೇ. ನಿಜವಾದ ಶತ್ರು ಇರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹುಳಕ್ಕೆ ರೋಗವೇ ಇಲ್ಲ ಎಂದ ಹಾಗಾಗುತ್ತದೆ. ರೋಗ ಇದೆ, ಆದರೆ ಯಾವುದು ಎಂದು ಹೇಳಬೇಕು. ಹುಳದ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣಕ್ಕೆ ಬಲೆ ಕಟ್ಟಬೇಕು, ಹಾಲು ರೋಗಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕು. ಬಲೆ ಕಟ್ಟಿದರೆ ಹಾಲು ರೋಗ ಹೋಗುವುದಿಲ್ಲ. ಹೊರಗಿನ ಸೋಂಕು ಎಂಬ ರೋಗಕ್ಕೆ ಮಾತ್ರ ಔಷಧವಿಲ್ಲ, ಮುಚ್ಚಲು ಗೇಟು ಇದೆ ಅಷ್ಟೇ. ಹೆಸರಿರುವ ಶತ್ರುವಿನ ಜೊತೆ ಜಗಳ ಆಡಬಹುದು, ಒಂದು ದಿನ ರಾಜಿಗೂ ಕೂರಬಹುದು. 'ಹೊರಗಿನವರು' ರಾಜಿಗೆ ಎಲ್ಲಿಂದ ಬರುತ್ತಾರೆ? ಅದಕ್ಕೇ ಅಪಾಯ ಮುಗಿಯುವ ದಿನ ಬರುವುದಿಲ್ಲ, ಮುಂದಿನ ಆದೇಶವೂ ಬರುವುದಿಲ್ಲ. ಹೀಗೆ ಬರೆಯುವವರೆಲ್ಲ ಕೆಟ್ಟವರೇ ಇರಬೇಕೆಂದಿಲ್ಲ ಎಂಬುದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಬರೆದದ್ದು ಒಳ್ಳೆಯ ಮನಸ್ಸಿನಿಂದಲೇ.

ಗುರುವಾರ

ಬೆಳಗ್ಗೆ ಎದ್ದವಳೇ ದಿಲ್ನೋಜಾಳನ್ನು ಕರೆದುಕೊಂಡು ಅಜ್ಜಿಯ ಹತ್ತಿರ ಹೋದೆ. ಮಾತು ಸುತ್ತಿಬಳಸಿದರೆ ಮತ್ತೆ ಅದೇ ರೋಗ. ನೇರ ಹೇಳಿದೆ: ಇದು ಹಾಲು ರೋಗ. ಬಂದದ್ದು ಈ ಚಾಪೆಯಿಂದ. ಚಾಪೆ ಹೋದ ವರ್ಷದಿಂದ ತೊಳೆದಿಲ್ಲ. ನನಗೆ ಮಂಗಳವಾರವೇ ಗೊತ್ತಿತ್ತು, ನಿಮ್ಮ ಮರ್ಯಾದೆ ಉಳಿಸಲು ಸುಳ್ಳು ಬರೆದೆ.

ಅಜ್ಜಿ ಕೋಣೆಗೆ ಹೋಗಿ ಕೆಳಗಿನ ಅಟ್ಟಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಚಾಪೆಯನ್ನೇ ನೋಡಿದರು. ಆಮೇಲೆ, ಹೋದ ವರ್ಷವೂ ಒಂದಿಷ್ಟು ಸತ್ತಿದ್ದವು, ಯಾರಿಗೂ ಹೇಳಲಿಲ್ಲ ಎಂದರು. ಹೇಳುವಾಗ ಸೊಸೆಯ ಕಡೆ ನೋಡಲಿಲ್ಲ.

ಕೆಳಗಿನ ಹುಳವನ್ನೆಲ್ಲ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಚಾಪೆ ಸುಡುವಾಗ ಅಜ್ಜಿ ಅತ್ತರು. ಗಂಗಣ್ಣ ಪಂಚೆ ಎತ್ತಿಕಟ್ಟಿ ನೆಲ ತೊಳೆದರು. ಜುಲ್ಫಿಯಾ ನೀರು ತಂದು ಹೊಯ್ಯುತ್ತಿದ್ದಳು, ಆದರೆ ಹೊಸ್ತಿಲು ದಾಟಲಿಲ್ಲ. ದಾಟು ಎಂದು ಅಜ್ಜಿಯೂ ಹೇಳಲಿಲ್ಲ. ನನಗೆ ಹೇಳಬೇಕೆನ್ನಿಸಿತು, ಆದರೆ ಅದು ನಾನು ಹೇಳುವ ಮಾತಲ್ಲ.

ಮಧ್ಯಾಹ್ನ ಸಮಿತಿಯ ಹಿರಿಯರ ಮನೆಗೆ ಹೋಗಿ ಹೊಸ ಕಾಗದ ಕೊಟ್ಟೆ. ಅವರು ಓದಿ, ಮಡಚಿ, ಮತ್ತೆ ಓದಿದರು. ರೋಗದ ಹೆಸರು ಬದಲಾಯಿಸಬಹುದು, ಆದರೆ ಹೊರಗಿನದು ಎಂದು ಮೇಲಕ್ಕೆ ಹೋಗಿಬಿಟ್ಟಿದೆ, ಅದನ್ನು ವಾಪಸು ತರಿಸುವ ದಾರಿ ನನಗೆ ಗೊತ್ತಿಲ್ಲ ಎಂದರು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಅಪರಿಚಿತಳೊಬ್ಬಳು ಇವತ್ತೊಂದು ನಾಳೆಯೊಂದು ಬರೆದರೆ ಗೇಟಿನವರು ಯಾವುದನ್ನು ನಂಬಬೇಕು ಎಂದು ಕೇಳಿದರು.

ಶುಕ್ರವಾರ

ಜುಲ್ಫಿಯಾ ಎಂದಿನಂತೆ ಬೆಳಗ್ಗೆಯೇ ಟವೆಲ್ಲು, ಸಾಬೂನು, ಬಾಚಣಿಗೆ ಚೀಲಕ್ಕೆ ಹಾಕಿ ಅಂಗಳದಲ್ಲಿ ಕೂತಿದ್ದಳು. ಹೋಗಲಾಗುವುದಿಲ್ಲ ಎಂದು ಗೊತ್ತಿದ್ದೂ ಕೂತಿದ್ದಳು. ಅಜ್ಜಿ ಒಳಗಿನಿಂದ ಬಂದರು. ಹಬ್ಬಕ್ಕೆ ಉಡುವ ಬಣ್ಣದ ರೇಷ್ಮೆಯ ಉಡುಪು ತೊಟ್ಟಿದ್ದರು. ಏಳು ಎಂದರು ಸೊಸೆಗೆ. ನಮ್ಮನ್ನು ಕರೆಯಲಿಲ್ಲ, ನಾವೇ ಹಿಂದೆ ಹೋದೆವು.

ಗೇಟಿನಲ್ಲಿ ಹತ್ತು ಹದಿನೈದು ಜನ ಸಾಲಾಗಿ ನಿಂತಿದ್ದರು, ಎಲ್ಲರೂ ಊರಿನವರೇ. ಅಜ್ಜಿ ಸಾಲನ್ನು ದಾಟಿ ನೇರ ಅಧಿಕಾರಿಯ ಮೇಜಿಗೆ ಹೋಗಿ ಗೋಡೆಯ ಕಾಗದಕ್ಕೆ ಬೆರಳು ತೋರಿಸಿದರು.

"ಇದರಲ್ಲಿ ಹೊರಗಿನವರು ಎಂದಿದೆಯಲ್ಲ, ಅವರ ಹೆಸರು ಬರೆದುಕೊಂಡಿದ್ದೀಯಾ?"

"ಹೆಸರು ಇಲ್ಲ ಅಮ್ಮಾ."

"ನಾನು ಹೇಳುತ್ತೇನೆ, ಬರಿ."

ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂಟಿಸಿದ್ದನ್ನು ತೆಗೆಯುವ ಅಧಿಕಾರ ನನಗಿಲ್ಲ ಎಂದ. ತೆಗೆಯಬೇಡ, ನಿನ್ನ ದಪ್ಪ ಪುಸ್ತಕದಲ್ಲಿ ಬರಿ ಎಂದರು ಅಜ್ಜಿ. ಅವನು ರಿಜಿಸ್ಟರ್ ಬಿಚ್ಚಿದ. ಅಜ್ಜಿ ತಮ್ಮ ಹೆಸರು ಹೇಳಿದರು, ಅಪ್ಪನ ಹೆಸರು, ಗಂಡನ ಹೆಸರು, ಬೀದಿ, ಮನೆ. ಹುಳ ಸಾಯಿಸಿದ್ದು ನನ್ನ ಚಾಪೆ. ಎರಡು ವರ್ಷದಿಂದ ತೊಳೆದಿರಲಿಲ್ಲ. ಆಚೆಯ ಸೊಪ್ಪು ಒಳ್ಳೆಯ ಸೊಪ್ಪು. ಅವನು ಬರೆದುಕೊಳ್ಳುವ ತನಕ ಪ್ರತಿ ಮಾತಿಗೂ ನಿಲ್ಲಿಸಿ ನಿಲ್ಲಿಸಿ ಹೇಳಿದರು. ದಿಲ್ನೋಜಾ ನನ್ನ ಕಿವಿಯಲ್ಲಿ ಹಿಂದಿಗೆ ಹೇಳುತ್ತಿದ್ದವಳು ಮಧ್ಯದಲ್ಲೇ ಬಿಟ್ಟುಬಿಟ್ಟಳು. ಬೇಕಾಗಿಯೂ ಇರಲಿಲ್ಲ.

"ಗಟ್ಟಿಯಾಗಿ ಓದು" ಎಂದರು ಅಜ್ಜಿ.

ಅವನು ಓದಿದ. ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿಯ ಕತ್ತು ಕೆಂಪಾಯಿತು, ಆದರೆ ಕದಲದೆ ನಿಂತರು.

"ಇನ್ನು ಇವಳನ್ನು ಬಿಡು. ದುಷ್ಮನ್ ಸಿಕ್ಕಾಯಿತಲ್ಲ."

ಅವನು ಒಂದು ಸಲ ಗೋಡೆಯ ಕಾಗದ ನೋಡಿದ, ಒಂದು ಸಲ ಪುಸ್ತಕ ನೋಡಿದ. ಸೊಪ್ಪು ಇಲ್ಲ, ಅದು ಮೇಲಿನವರು ಹೇಳಿದ ಮೇಲೆ, ಆದರೆ ಹೆಣ್ಣುಮಗಳು ಹೋಗಿ ಬರಲಿ ಎಂದ. ನಾವು ಹೊರಡುವ ತನಕವೂ ಸೊಪ್ಪು ಬರಲಿಲ್ಲ. ಆ ಕಾಗದ ಇವತ್ತಿಗೂ ಗೋಡೆಯ ಮೇಲಿದೆ ಎಂದು ದಿಲ್ನೋಜಾ ಮೊನ್ನೆ ಫೋನಿನಲ್ಲಿ ಹೇಳಿದಳು.

ಗಂಗಣ್ಣ ನನ್ನನ್ನು ನೋಡಿದರು. "ಮೇಡಮ್ಮೋರೆ, ಇನ್ನೊಂದ್ ಹೆಸ್ರು ಐತಲ್ಲ" ಎಂದರು. ಅವರು ಹೇಳುವ ಮುಂಚೆಯೇ ನನ್ನ ಕೈ ಪೆನ್ನಿಗೆ ಹೋಗಿತ್ತು. ಅಜ್ಜಿಯ ಸಾಲಿನ ಕೆಳಗೆ ನನ್ನ ಹೆಸರು, ನಮ್ಮಪ್ಪನ ಹೆಸರು, ಊರು ವಿರೂಪಾಕ್ಷಿಪುರ ಎಂದು ಕನ್ನಡದಲ್ಲೇ ಬರೆದು, ಗೊತ್ತಿದ್ದೂ ಸುಳ್ಳು ಬರೆದವಳು ಎಂದು ಸೇರಿಸಿದೆ. ಅಷ್ಟು ವರ್ಷದ ಕೆಲಸದಲ್ಲಿ ಕಾರಣದ ಜಾಗದಲ್ಲಿ ನಾನು ಮನುಷ್ಯರ ಹೆಸರು ಬರೆದದ್ದು ಅದೇ ಮೊದಲು.

ತಲೆ ಎತ್ತಿದಾಗ ಜುಲ್ಫಿಯಾ ಸೇತುವೆಯ ಅರ್ಧ ದಾಟಿದ್ದಳು. ಅತ್ತೆಗೂ ಒಂದು ಮಾತು ಹೇಳಲಿಲ್ಲ, ನನ್ನ ಕಡೆಯೂ ತಿರುಗಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದಳು. ಶುಕ್ರವಾರವಲ್ಲವೇ, ಆಚೆ ಮನೆಯಲ್ಲಿ ಅವಳಮ್ಮನ ಸ್ನಾನಕ್ಕೆ ಕಾಯಿಸಿಟ್ಟ ನೀರು ಆರುತ್ತಿರಬೇಕು.